ಸಣ್ಣ ಉದ್ಯಮ ಮತ್ತು ತಂತ್ರಜ್ಞಾನ: ಉಡುಪಿ ಸೀಮೆ

ಸಣ್ಣ ಬಂಡವಾಳದಿಂದ, ಮನೆಮಂದಿಯ ಇಲ್ಲವೆ ಕೆಲವೇ ಕೆಲಸಗಾರರ ದುಡಿಮೆಯಿಂದ ನಡೆಯುವ ಅಂಗಡಿ, ಕಾರ್ಖಾನೆ, ಹೋಟೆಲು ಮತ್ತು ಕಸುಬುಗಳು ದೊಡ್ಡ ವ್ಯಾಪಾರದ ಪೈಪೋಟಿಯನ್ನು ತಾಳಿಕೊಳ್ಳಲು ಯಂತ್ರ, ಲೆಕ್ಕದ ವ್ಯವಸ್ಥೆ ಮತ್ತು ಸಂಪರ್ಕ ಸಾಧನಗಳನ್ನು ಬಳಸಿಕೊಳ್ಳುವ ಕ್ರಮ ಈ ಲೇಖನದ ವಿಷಯ. ಕರ್ನಾಟಕದಲ್ಲಿ ಇದರ ನೂರು ವರ್ಷಗಳ ಬೆಳವಣಿಗೆಯನ್ನು ಒಂದೇ ಕಡೆ ನೋಡಬಹುದಾದ ಪ್ರದೇಶ ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ನಡುವಿನ ಸೀಮೆ. ಇಲ್ಲಿ ಬೇರೂರಿದ ತಂತ್ರಜ್ಞಾನಗಳಲ್ಲಿ ಹೆಚ್ಚಿನವು ಬ್ಯಾಂಕು, ಸೊಸೈಟಿ, ಬೆಳೆಗಾರರ ಸಂಘಗಳ ಮೂಲಕ ಹಲವರ ಕೈಗೆ ಒಟ್ಟಿಗೆ ಬಂದಂಥವು. ಒಬ್ಬೊಬ್ಬರೇ ಸಾಲ ಮಾಡಿ ಕೊಂಡ ಯಂತ್ರ ತಂದುಕೊಟ್ಟ ಲಾಭ ಪಕ್ಕದವನು ಅದನ್ನೇ ಕೊಳ್ಳುವವರೆಗೆ ಮಾತ್ರ ನಿಂತಿತು.

ಭಾರತ ಸರ್ಕಾರ 2025ರ ಏಪ್ರಿಲ್ 1ರಿಂದ ಜಾರಿಗೆ ತಂದ ವರ್ಗೀಕರಣದಂತೆ ಯಂತ್ರೋಪಕರಣಗಳ ಮೇಲೆ 2.5 ಕೋಟಿ ರೂ. ಮೀರದ ಹೂಡಿಕೆ ಮತ್ತು 10 ಕೋಟಿ ರೂ. ಮೀರದ ವಾರ್ಷಿಕ ವಹಿವಾಟು ಇರುವುದು ಅತಿಸಣ್ಣ ಉದ್ಯಮ. 25 ಕೋಟಿ ಹೂಡಿಕೆ, 100 ಕೋಟಿ ವಹಿವಾಟಿನವರೆಗೆ ಸಣ್ಣ ಉದ್ಯಮ. ಉಡುಪಿ ಸೀಮೆಯ ಬಹುಪಾಲು ವ್ಯಾಪಾರ ಈ ಮೊದಲನೆಯ ವರ್ಗದಲ್ಲೂ ತೀರ ಕೆಳಗಿನ ಮೆಟ್ಟಿಲಲ್ಲಿದೆ. ಮನೆಯ ಚಾವಡಿಯಲ್ಲಿ ಕುಳಿತು ಮಲ್ಲಿಗೆ ಕಟ್ಟುವವರು, ಬುಟ್ಟಿಯಲ್ಲಿ ಮೀನು ಮಾರುವವರು, ಜಿನಸಿನ ಅಂಗಡಿಯವರು, ಹಿಟ್ಟಿನ ಗಿರಣಿಯವರು ಕೋಟಿಯ ಲೆಕ್ಕಕ್ಕೆ ಸಿಗುವವರಲ್ಲ. ಆದರೆ ಊರಿನ ಹಣ ಓಡಾಡುವುದು ಇವರ ಕೈಯಲ್ಲೇ.

ಉದಾಹರಣೆಗೆ, ಕಾಪು ತಾಲ್ಲೂಕಿನ ಎಲ್ಲೂರು ವಿಶ್ವೇಶ್ವರ ದೇವಸ್ಥಾನದಿಂದ ಹೆಸರಾದ ಹಳ್ಳಿ. ಇಲ್ಲಿನ ಕಲ್ಲಿದ್ದಲು ಆಧಾರಿತ ಉಷ್ಣವಿದ್ಯುತ್ ಸ್ಥಾವರದ 600 ಮೆಗಾವಾಟ್‌ನ ಎರಡು ಘಟಕಗಳು 2010ರಿಂದ 2012ರ ನಡುವೆ ಉತ್ಪಾದನೆ ಆರಂಭಿಸಿದವು. ಹತ್ತಿರದಲ್ಲೇ ರಾಷ್ಟ್ರೀಯ ಹೆದ್ದಾರಿ 66 ಮತ್ತು ಕೊಂಕಣ ರೈಲುಮಾರ್ಗ ಹಾದುಹೋಗುತ್ತವೆ. ಹೀಗೆ ಬೃಹತ್ ಉದ್ಯಮದ ಮಗ್ಗುಲಲ್ಲೇ ಹೂವಿನ ಗಿಡ, ಗದ್ದೆ, ಹಾಲಿನ ಡೈರಿ, ಬೀದಿಬದಿಯ ಅಂಗಡಿಗಳಿರುವ ಊರು ಇದು. ಇಲ್ಲಿನ ಹವೆಯೂ ಯಂತ್ರದ ಲೆಕ್ಕಕ್ಕೆ ಸೇರುತ್ತದೆ: ಮುಂಗಾರಿಗೆ ಮೊದಲಿನ ಸಿಡಿಲು ಮೋಡೆಮ್, ಇನ್ವರ್ಟರ್‌ಗಳನ್ನು ಸುಡುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಸುರಿಯುವ ಮಳೆ ಮತ್ತು ಕಡಲಿನ ಉಪ್ಪುಗಾಳಿ ಕಬ್ಬಿಣವನ್ನು ತಿನ್ನುತ್ತವೆ. ಬಯಲುಸೀಮೆಯಲ್ಲಿ ಚೆನ್ನಾಗಿ ಓಡಿದ ಯಂತ್ರ ಕರಾವಳಿಯಲ್ಲೂ ಅಷ್ಟೇ ಕಾಲ ಬಾಳುತ್ತದೆಂದು ಎಣಿಸಿ ಬೆಲೆ ಕಟ್ಟುವುದು ತಪ್ಪು ಲೆಕ್ಕ.

ದಿನದ ಲೆಕ್ಕ: ಪಿಗ್ಮಿಯಿಂದ ಯುಪಿಐವರೆಗೆ

1920ರ ದಶಕದಲ್ಲಿ ಕೈಮಗ್ಗದ ಕಸುಬು ಕುಸಿದು ಕರಾವಳಿಯ ನೇಕಾರರು ಕಷ್ಟಕ್ಕೆ ಸಿಲುಕಿದ್ದರು. ಅವರಿಗೆ ನೆರವಾಗಲೆಂದು 1925ರಲ್ಲಿ ಉಡುಪಿಯಲ್ಲಿ 8,000 ರೂ. ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಹುಟ್ಟಿತು. ವ್ಯಾಪಾರಿ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಕುಡ್ವ ಮತ್ತು ವೈದ್ಯ ಟಿ.ಎಂ.ಎ. ಪೈ ಅದರ ಸ್ಥಾಪಕರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಈ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಾದರೂ ಸರಿ, ಏಜೆಂಟರು ಮನೆ ಬಾಗಿಲಿಗೆ, ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದಕ್ಕೆ ಬಂದು ಪಡೆದು ಬರೆದುಕೊಳ್ಳುತ್ತಿದ್ದರು.

ಕಾರ್ಡು, ಪಾಸ್‌ಬುಕ್ಕು, ದಿನವೂ ತಪ್ಪದೆ ಬರುವ ಒಬ್ಬ ಮನುಷ್ಯ: ಪಿಗ್ಮಿಯ ಸಾಧನಗಳು ಇಷ್ಟೇ. ಆದರೂ ಸಣ್ಣ ವ್ಯಾಪಾರದ ತಂತ್ರಜ್ಞಾನದ ಚರಿತ್ರೆಯನ್ನು ಇದರಿಂದಲೇ ಆರಂಭಿಸಬೇಕು. ಸಂಬಳದ ಚೀಟಿಯಾಗಲಿ ಆಸ್ತಿಯ ಪತ್ರವಾಗಲಿ ಇಲ್ಲದ ಅಂಗಡಿಯವನಿಗೆ ಸಾಲ ಕೊಡುವವರು ಕೇಳುವ ಮೊದಲ ಪ್ರಶ್ನೆ, ವ್ಯಾಪಾರ ಹೇಗೆ ನಡೆಯುತ್ತಿದೆ ಎಂಬುದು. ದಿನದಿನದ ಪಿಗ್ಮಿಯ ನಮೂದು ಆ ಪ್ರಶ್ನೆಗೆ ಉತ್ತರವಾಯಿತು. ಯಾವ ತಿಂಗಳು ಕೈ ಬಿಗಿ, ಯಾವ ಹಬ್ಬಕ್ಕೆ ವ್ಯಾಪಾರ ಜೋರು ಎಂಬುದು ಬ್ಯಾಂಕಿನ ಪುಸ್ತಕದಲ್ಲೇ ಕಾಣುತ್ತಿತ್ತು. ಬರೆದಿಟ್ಟ ಲೆಕ್ಕ ಬಂಡವಾಳವಾಗಿ ಮಾರ್ಪಟ್ಟ ಈ ಕ್ರಮವನ್ನು ಬೇರೆ ಬ್ಯಾಂಕುಗಳೂ ಸಹಕಾರಿ ಸಂಘಗಳೂ ಅನುಸರಿಸಿದವು. ಕೈಬರಹದ ಪುಸ್ತಕದ ಜಾಗಕ್ಕೆ ಕಾಲಾಂತರದಲ್ಲಿ ಅಂಗೈಯಗಲದ ಪಿಗ್ಮಿ ಯಂತ್ರ ಬಂತು. ಹಣ ಕೊಟ್ಟ ಕ್ಷಣವೇ ರಸೀದಿ ಕೈಗೆ ಸಿಗುತ್ತದೆ, ಮೊಬೈಲಿಗೆ ಸಂದೇಶ ಬರುತ್ತದೆ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನೊಂದಿಗೂ, 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಸ್ಥಾಪಿಸಿದ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಂದಿಗೂ ವಿಲೀನವಾದವು. ಉಡುಪಿಯಲ್ಲಿ ಹುಟ್ಟಿದ ಎರಡು ಬ್ಯಾಂಕುಗಳ ಹೆಸರು ಒಂದೇ ದಿನ ಅಳಿಸಿಹೋದದ್ದು ಈ ಊರಿನ ಸಣ್ಣ ವ್ಯಾಪಾರಿಗಳಿಗೆ ಭಾವನೆಯ ವಿಷಯವಷ್ಟೇ ಆಗಿರಲಿಲ್ಲ. ಅಂಗಡಿಯನ್ನೂ ಅಂಗಡಿಯವರನ್ನೂ ಮುಖತಃ ಬಲ್ಲ ಬ್ಯಾಂಕಿನ ರೂಢಿಯೇ ತೆಳುವಾಯಿತು.

ಯುಪಿಐ ಆರಂಭವಾದದ್ದು 2016ರ ಏಪ್ರಿಲ್‌ನಲ್ಲಿ. ಅದೇ ವರ್ಷ ನವೆಂಬರ್ 8ರ ನೋಟು ರದ್ದತಿಯ ನಂತರ ಅದು ಪೇಟೆಗಳಿಗೆ ಹಬ್ಬಿತು. 2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ಪಡೆಯುವಂತಿಲ್ಲ ಎಂದಾದ ಮೇಲೆ ಐದು ರೂಪಾಯಿಯ ಚಹಾಕ್ಕೂ ಫೋನ್ ಹಿಡಿಯುವುದು ರೂಢಿಗೆ ಬಂತು. ಒದ್ದೆ ಕೈಯಲ್ಲಿ ನೋಟು, ಚಿಲ್ಲರೆ ಎಣಿಸಬೇಕಾದ ಮೀನಿನ ವ್ಯಾಪಾರಕ್ಕೆ ಇದರಿಂದಾದ ಅನುಕೂಲ ದೊಡ್ಡದು. ಹಣ ಬಂತೆಂದು ಗಟ್ಟಿಯಾಗಿ ಹೇಳುವ ಪೆಟ್ಟಿಗೆ, ಓದುಬರಹ ಅಷ್ಟಾಗಿ ಬಾರದವರಿಗೂ ವ್ಯವಹಾರವನ್ನು ನಿಸ್ಸಂಶಯ ಮಾಡಿತು. ಪಿಗ್ಮಿ ಮಾಡಿದ ಕೆಲಸದ ಒಂದು ಭಾಗವನ್ನು ಯುಪಿಐ ಮುಂದುವರಿಸುತ್ತಿದೆ, ಏಕೆಂದರೆ ದಿನದ ವಹಿವಾಟಿನ ದಾಖಲೆ ತಾನಾಗಿಯೇ ಉಳಿಯುತ್ತದೆ. ಉಳಿತಾಯದ ಅಭ್ಯಾಸವನ್ನು ಮಾತ್ರ ಅದು ಕಲಿಸುವುದಿಲ್ಲ. ಬಂದ ಹಣ ಅಷ್ಟೇ ಸಲೀಸಾಗಿ ಹೋಗಿಬಿಡುತ್ತದೆ. ಹೀಗಾಗಿ ಸ್ಕ್ಯಾನ್ ಮಾಡುವ ಚೀಟಿ ಅಂಟಿಸಿದ ಮೇಲೂ ಪಿಗ್ಮಿಯನ್ನು ಬಿಡದಿರುವುದು ಜಾಣತನ.

ಹೂ, ಗುಳ್ಳ, ಸೀರೆ

ಕಾಪು ತಾಲ್ಲೂಕಿನ ಶಂಕರಪುರ ಉಡುಪಿ ಮಲ್ಲಿಗೆಯ ಕೇಂದ್ರ. ಈ ಹೂವಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಬೆಳಗ್ಗೆ ಮೊಗ್ಗು ಕೊಯ್ದು, ಬಾಳೆಯ ನಾರಿನಲ್ಲಿ ಕಟ್ಟಿ, ಹೊತ್ತೇರುವ ಮೊದಲು ಹೂ ಖರೀದಿಸುವ ಕಟ್ಟೆಗೆ ಮುಟ್ಟಿಸಬೇಕು. ಸುಮಾರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನವೂ ಶಂಕರಪುರದಲ್ಲಿ ನಿಗದಿಯಾಗುತ್ತದೆ. ಮದುವೆ, ಹಬ್ಬ, ನೇಮಗಳ ಕಾಲದಲ್ಲಿ ಎರಡು ಸಾವಿರ ರೂಪಾಯಿ ಮುಟ್ಟುವ ಅಟ್ಟೆಯ ಬೆಲೆ ಬೇಡಿಕೆ ತಗ್ಗಿದಾಗ ನೂರರ ಲೆಕ್ಕಕ್ಕೆ ಇಳಿಯುತ್ತದೆ. ಹೂ ಮಂಗಳೂರಿಗೆ, ಮುಂಬಯಿಗೆ, ವಿಮಾನದಲ್ಲಿ ಕೊಲ್ಲಿ ರಾಷ್ಟ್ರಗಳಿಗೂ ಹೋಗುತ್ತದೆ.

ಮೊಬೈಲು ಬರುವ ಮುನ್ನ ಎಲ್ಲೂರು, ಶಿರ್ವ, ಬೆಳ್ಮಣ್ಣಿನಂಥ ಊರುಗಳ ಬೆಳೆಗಾರರಿಗೆ ಆ ದಿನದ ದರ ಗೊತ್ತಾಗುತ್ತಿದ್ದುದು ಹೂ ಒಯ್ಯುವ ಏಜೆಂಟರ ಬಾಯಿಂದ. ಈಗ ದರ ನಿಗದಿಯಾದ ಕೂಡಲೇ ವಾಟ್ಸ್ಆ್ಯಪ್‌ನಲ್ಲಿ ಎಲ್ಲರಿಗೂ ಒಂದೇ ಹೊತ್ತಿಗೆ ತಲುಪುತ್ತದೆ. ಇಂದಿನ ದರ ಕಡಿಮೆ ಹೇಳಿ ಕೊಂಡುಹೋಗುವ ದಾರಿ ಇದರಿಂದ ಮುಚ್ಚಿತು. ಇದು ಸಣ್ಣ ಸಾಧನೆಯಲ್ಲ. ಎರಡು ಗಿಡ, ನಾಲ್ಕು ಗಿಡ ಇಟ್ಟುಕೊಂಡು ಮನೆಖರ್ಚು ತೂಗಿಸುವ ಹೆಂಗಸರಿಗೆ ನೇರವಾಗಿ ದಕ್ಕಿದ ಲಾಭ. ಆದರೆ ದರ ತಿಳಿಯುವುದು ಬೇರೆ, ದರ ಕಟ್ಟುವುದು ಬೇರೆ. ಹೂ ಒಂದೇ ದಿನ ಬಾಳುವ ಸರಕಾದ್ದರಿಂದ ಬೆಳೆಗಾರರು ಕಾಯುವಂತಿಲ್ಲ, ಬೆಲೆ ಕಟ್ಟುವ ಅಧಿಕಾರ ಇಂದಿಗೂ ಕಟ್ಟೆಯಲ್ಲೇ ಉಳಿದಿದೆ. ಈ ಅಧಿಕಾರದಲ್ಲಿ ಬೆಳೆಗಾರರಿಗೂ ಪಾಲು ಸಿಗಬೇಕಾದರೆ ನಾಳೆ ಎಷ್ಟು ಹೂ ಬರಲಿದೆ, ಎಲ್ಲಿ ಎಷ್ಟು ಬೇಡಿಕೆ ಇದೆ ಎಂಬ ಲೆಕ್ಕ ಬೆಳೆಗಾರರ ಸಂಘದ ಕೈಯಲ್ಲಿರಬೇಕು. ಆ ಲೆಕ್ಕಕ್ಕೆ ಬೇಕಾದ ಸಾಧನ ಪ್ರತಿಯೊಬ್ಬ ಬೆಳೆಗಾರರ ಕೈಯಲ್ಲಿ ಈಗಾಗಲೇ ಇರುವ ಫೋನು.

ಮಟ್ಟುಗುಳ್ಳದ ಕತೆ ಇನ್ನೂ ಸರಳ. ಕಟಪಾಡಿ ಬಳಿಯ ಮಟ್ಟು ಗ್ರಾಮದ ಈ ಬದನೆ ವಾದಿರಾಜ ಸ್ವಾಮಿಗಳ ಪ್ರಸಾದವೆಂಬ ಐತಿಹ್ಯವುಳ್ಳದ್ದು. ಇದಕ್ಕೂ ಭೌಗೋಳಿಕ ಗುರುತಿದೆ. ಬೇರೆ ಕಡೆಯ ಗುಳ್ಳವನ್ನು ಮಟ್ಟಿನದೆಂದು ಹೇಳಿ ಮಾರುವುದನ್ನು ತಡೆಯಲು ಬೆಳೆಗಾರರ ಸಂಘ ಕಂಡುಕೊಂಡ ಉಪಾಯ, ಕಾಯಿಯ ಮೇಲೆ ಸ್ಟಿಕ್ಕರ್ ಅಂಟಿಸುವುದು. ಪೈಸೆಗಳ ಲೆಕ್ಕದ ಕಾಗದದ ತುಂಡು ಅದು. ಕೊಳ್ಳುವವರಿಗೆ ಅಸಲಿ ಯಾವುದೆಂದು ತಿಳಿಯುತ್ತದೆ, ಬೆಳೆದವರಿಗೆ ಹೆಸರಿನ ಬೆಲೆ ಸಿಗುತ್ತದೆ. ಇದು ನಡೆಯುವುದು ಸಂಘದ ಒಂದೇ ಕಟ್ಟಡದಲ್ಲಿ ತೂಕ, ವಿಂಗಡಣೆ, ಮಾರಾಟಗಳು ಆಗುವುದರಿಂದ. ಒಬ್ಬ ಬೆಳೆಗಾರ ಒಂಟಿಯಾಗಿ ಸ್ಟಿಕ್ಕರ್ ಮುದ್ರಿಸಿದರೆ ಅದನ್ನು ನಂಬುವವರು ಯಾರು?

ಕೈಮಗ್ಗದ ಉಡುಪಿ ಸೀರೆಯಲ್ಲಿ ಈಚಿನ ತಂತ್ರಜ್ಞಾನ ಮಗ್ಗವನ್ನು ಮುಟ್ಟಲಿಲ್ಲ, ಮಾರಾಟವನ್ನು ಮುಟ್ಟಿತು. 19ನೆಯ ಶತಮಾನದಲ್ಲಿ ಬಾಸೆಲ್ ಮಿಶನ್ ಸುಧಾರಿತ ಕೈಮಗ್ಗಗಳನ್ನು ಮಂಗಳೂರಿಗೆ ತಂದಿತ್ತು. ಮುಂದೆ ವಿದ್ಯುತ್ ಮಗ್ಗದ ಅಗ್ಗದ ಬಟ್ಟೆಯೆದುರು ಕೈಮಗ್ಗ ಸೋತಿತು, ನೇಕಾರರ ಮಕ್ಕಳು ಬೇರೆ ಕೆಲಸ ಹಿಡಿದರು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸೇವಾ ಸಹಕಾರಿ ಸಂಘದಲ್ಲಿ ಉಳಿದವರು ವಯಸ್ಸಾದ ಬೆರಳೆಣಿಕೆಯ ನೇಕಾರರು. ಮಮತಾ ರೈ ಅವರು ಕಟ್ಟಿದ ಕಾರ್ಕಳದ ಕದಿಕೆ ಟ್ರಸ್ಟ್ ಈ ಸಂಘದ ಜೊತೆ ನಿಂತು, ಸೀರೆಯ ಚಿತ್ರ ಮತ್ತು ನೇಯ್ದವರ ಕತೆಯನ್ನು ಸಾಮಾಜಿಕ ಜಾಲತಾಣದ ಮೂಲಕ ದೂರದ ಊರುಗಳ ಕೊಳ್ಳುವವರಿಗೆ ಮುಟ್ಟಿಸಿತು. ನೈಸರ್ಗಿಕ ಬಣ್ಣವನ್ನು ಮರಳಿ ತಂದಿತು, ಹೊಸಬರಿಗೆ ನೇಯ್ಗೆ ಕಲಿಸಿತು. ಯಂತ್ರದ ವೇಗದ ಜೊತೆ ಕೈಮಗ್ಗ ಸ್ಪರ್ಧಿಸಲಾರದು, ಸ್ಪರ್ಧಿಸಬೇಕಾಗಿಯೂ ಇಲ್ಲ. ಕೈಯ ಕೆಲಸವನ್ನು ಹುಡುಕುವ ಕೊಳ್ಳುಗರು ಎಲ್ಲೋ ಇದ್ದಾರೆ. ಅವರನ್ನು ಹುಡುಕಿಕೊಡುವುದಷ್ಟೇ ಇಲ್ಲಿ ಫೋನಿನ ಕೆಲಸ.

ಯಂತ್ರ ಮತ್ತು ಅಳತೆ

ಯಂತ್ರ ತಂದ ಒತ್ತಡ ಸ್ಪಷ್ಟವಾಗಿ ಕಾಣುವುದು ಕಾರ್ಕಳ, ಉಡುಪಿ ಭಾಗದ ಗೇರುಬೀಜದ ಕಾರ್ಖಾನೆಗಳಲ್ಲಿ. ಊರಿನ ಬೆಳೆ ಸಾಲದೆ ಆಫ್ರಿಕಾದ ದೇಶಗಳಿಂದ ಹಸಿ ಬೀಜ ತರಿಸಲಾಗುತ್ತದೆ. ಬೀಜವನ್ನು ಹಬೆಯಲ್ಲಿ ಬೇಯಿಸಿ, ಒಡೆದು, ತಿರುಳನ್ನು ಬೋರ್ಮಾ ಎಂಬ ಬಿಸಿಗೂಡಿನಲ್ಲಿ ಒಣಗಿಸಿ, ಮೇಲಿನ ಪೊರೆ ತೆಗೆದು, ಗಾತ್ರ ಮತ್ತು ಬಣ್ಣ ನೋಡಿ ವಿಂಗಡಿಸಬೇಕು. 320 ಎಂಬ ದರ್ಜೆಯೆಂದರೆ ಒಂದು ಪೌಂಡಿಗೆ 300ರಿಂದ 320 ಇಡೀ ತಿರುಳು. ಇಡಿಯದಕ್ಕೂ ತುಂಡಿಗೂ ಬೆಲೆಯಲ್ಲಿ ಬಹಳ ಅಂತರವಿರುವುದರಿಂದ ಒಡೆಯುವವರ ಕೈಚಳಕವೇ ಲಾಭವನ್ನು ನಿರ್ಧರಿಸುತ್ತಿತ್ತು. ಆ ಕೈಗಳು ಹೆಂಗಸರವು. ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ, ಬೆರಳು ಕಪ್ಪಾಗುತ್ತದೆ.

ವಿಯೆಟ್ನಾಂ ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ, 2006ರಿಂದೀಚೆಗೆ ಗೇರುತಿರುಳಿನ ರಫ್ತಿನಲ್ಲಿ ಭಾರತವನ್ನು ಹಿಂದೆ ಹಾಕಿತು. ಕೆಲಸಗಾರರ ಕೊರತೆಯೂ ಸೇರಿ ಇಲ್ಲಿನ ಕಾರ್ಖಾನೆಗಳೂ ಸ್ವಯಂಚಾಲಿತ ಕಟಿಂಗ್ ಯಂತ್ರ, ಪೊರೆ ತೆಗೆಯುವ ಯಂತ್ರ, ಕ್ಯಾಮೆರಾದಿಂದ ಬಣ್ಣ ಗುರುತಿಸಿ ಬೇರ್ಪಡಿಸುವ ಸಾರ್ಟರ್‌ಗಳನ್ನು ಹಾಕಿದವು. ಹೆಂಗಸರ ಕೈ ಸುಡುವುದು ತಪ್ಪಿದ್ದು ಸಮಾಧಾನದ ವಿಷಯ. ಅದೇ ಹೆಂಗಸರ ದಿನಗೂಲಿಯ ಕೆಲಸ ಕಡಿಮೆಯಾದದ್ದನ್ನೂ ಅಷ್ಟೇ ಸ್ಪಷ್ಟವಾಗಿ ಬರೆದಿಡಬೇಕು. ಸಾರ್ಟರಿನಂಥ ಯಂತ್ರಕ್ಕೆ ಹಾಕಿದ ಹಣ ಮರಳಬೇಕಾದರೆ ದಿನವಿಡೀ ಬೀಜ ಸುರಿಯುತ್ತಿರಬೇಕು. ಸಣ್ಣ ಕಾರ್ಖಾನೆಗೆ ಅಷ್ಟು ಹಸಿ ಬೀಜ ಕೊಳ್ಳುವ ದುಡಿಯುವ ಬಂಡವಾಳವೇ ಇರುವುದಿಲ್ಲ. ಅಂಥವರು ಕೂಲಿಗೆ ಒಡೆದುಕೊಡುವ ಕೆಲಸಕ್ಕೆ ಇಳಿಯುತ್ತಾರೆ, ಇಲ್ಲವೆ ಮುಚ್ಚುತ್ತಾರೆ. ಹತ್ತು ಸಣ್ಣ ಕಾರ್ಖಾನೆಗಳಿಗೆ ಸೇರಿ ಒಂದು ಸಾರ್ಟರ್ ಇರುವ ಏರ್ಪಾಡು ಇವರನ್ನು ಉಳಿಸಬಲ್ಲದು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಲ್ಲಿ ಯೋಜನಾವೆಚ್ಚದ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂ. ಸಹಾಯಧನವಿದೆ, ಕರ್ನಾಟಕ ಸರ್ಕಾರ ತನ್ನ ಪಾಲು ಸೇರಿಸಿ ಇದನ್ನು ಶೇ. 50ಕ್ಕೆ, ಗರಿಷ್ಠ 15 ಲಕ್ಷಕ್ಕೆ ಏರಿಸಿದೆ. ಗುಂಪುಗಳಿಗೂ ಸಂಘಗಳಿಗೂ ಈ ಯೋಜನೆಯಲ್ಲಿ ಅವಕಾಶವಿದೆ.

ಹಂಚಿಕೊಂಡ ಯಂತ್ರ ಹೇಗೆ ನಡೆಯುತ್ತದೆಂದು ತೋರಿಸಲು ಹಳ್ಳಿಯ ಹಾಲಿನ ಸೊಸೈಟಿಗಳೇ ಇವೆ. ತೂಕ, ಜಿಡ್ಡಿನ ಅಂಶ ಎರಡನ್ನೂ ಯಂತ್ರ ಅಳೆದು ಚೀಟಿ ಕೊಡುತ್ತದೆ, ಹಣ ಖಾತೆಗೆ ಹೋಗುತ್ತದೆ. ಎರಡು ಲೀಟರ್ ತಂದವರಿಗೂ ಇಪ್ಪತ್ತು ಲೀಟರ್ ತಂದವರಿಗೂ ಒಂದೇ ಅಳತೆ. ಮಲ್ಪೆಯ ಮೀನುಗಾರಿಕೆಯಲ್ಲಿ ಜಿಪಿಎಸ್, ಮೀನಿನ ಹಿಂಡನ್ನು ಪತ್ತೆ ಹಚ್ಚುವ ಫಿಶ್ ಫೈಂಡರ್, ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹದ ಮಾಹಿತಿ ನೋಡಿ ಕೊಡುವ ಮೀನು ಸಿಗುವ ವಲಯದ ಸೂಚನೆಗಳು ಬಳಕೆಯಲ್ಲಿವೆ. ಡೀಸೆಲ್ ಉಳಿಸುವ ಮಟ್ಟಿಗೆ ಇವು ಒಳ್ಳೆಯವು. ಎಲ್ಲ ದೋಣಿಗಳೂ ಒಂದೇ ಹಿಂಡಿನ ಬೆನ್ನು ಹತ್ತಿದರೆ ಕಡಲು ಬರಿದಾಗುತ್ತದೆ, ದಡದ ನಾಡದೋಣಿಯವರು ಮೊದಲು ಸೋಲುತ್ತಾರೆ.

ಹೋಟೆಲಿನ ಅಡುಗೆಮನೆಯನ್ನು ಬದಲಿಸಿದ್ದು ಕೊಯಮತ್ತೂರಿನಲ್ಲಿ 1955ರಲ್ಲಿ ಪಿ. ಸಭಾಪತಿ ರೂಪಿಸಿದ ವಿದ್ಯುತ್ ರುಬ್ಬುಗುಂಡು. ದೋಸೆ, ಇಡ್ಲಿಯ ಹಿಟ್ಟು ದಿನವೂ ಒಂದೇ ಹದಕ್ಕೆ ಬರಲು ಅದು ನೆರವಾಯಿತು. ಈಗಿನ ಪೈಪೋಟಿ ಅಡುಗೆಮನೆಯ ಹೊರಗಿದೆ. ಮಣಿಪಾಲದ ವಿದ್ಯಾರ್ಥಿಗಳು ಊಟವನ್ನು ಆ್ಯಪಿನಲ್ಲಿ ತರಿಸಿಕೊಳ್ಳುತ್ತಾರೆ. ಆ್ಯಪಿನ ಕಮಿಶನ್ ಕಳೆದರೆ ಸಣ್ಣ ಹೋಟೆಲಿಗೆ ಉಳಿಯುವುದು ಕಡಿಮೆ, ಗಿರಾಕಿಯ ವಿವರವೂ ಆ್ಯಪಿನವರ ಬಳಿಯೇ ಉಳಿಯುತ್ತದೆ.

ಭಾಷೆ, ವಿದ್ಯುತ್ತು, ತಂತ್ರಾಂಶ

ಮಂಗಳೂರು ಬಳಿಯ ಕಿನ್ನಿಕಂಬಳದಲ್ಲಿ ಹುಟ್ಟಿ ಮಣಿಪಾಲದಲ್ಲಿ ಪಾಠ ಹೇಳಿದ ಕೆ.ಪಿ. ರಾವ್ ಕನ್ನಡವನ್ನು ಉಚ್ಚಾರದಂತೆಯೇ ಬೆರಳಚ್ಚು ಮಾಡುವ ಕೀಲಿಮಣೆ ವಿನ್ಯಾಸವನ್ನು ರೂಪಿಸಿದರು. 'ಸೇಡಿಯಾಪು' ಹೆಸರಿನ ಕನ್ನಡ ತಂತ್ರಾಂಶವನ್ನು ಉಚಿತವಾಗಿ ಕೊಟ್ಟರು. ನುಡಿ ತಂತ್ರಾಂಶದ ಕೀಲಿಮಣೆಗೆ ಅವರ ವಿನ್ಯಾಸವೇ ಆಧಾರ. ಊರಿನ ಡಿಟಿಪಿ ಅಂಗಡಿ, ಆಮಂತ್ರಣ ಪತ್ರಿಕೆ ಮುದ್ರಿಸುವ ಪ್ರೆಸ್ಸು, ಸೊಸೈಟಿಯ ಕಚೇರಿಗಳಿಗೆ ಇದರಿಂದಾದ ಉಪಕಾರ ಅಳತೆಗೆ ಸಿಗುವಂಥದ್ದಲ್ಲ. ಇಷ್ಟಾದರೂ ಅಂಗಡಿಗಳ ಬಿಲ್ಲು ಇನ್ನೂ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇದೆ. ತನ್ನ ಲೆಕ್ಕವನ್ನು ತಾನೇ ಓದಲಾಗದ ವ್ಯಾಪಾರಿ ಅಕೌಂಟೆಂಟರನ್ನು ಪೂರ್ತಿ ನಂಬಿಕೊಂಡಿರಬೇಕಾಗುತ್ತದೆ. ತುಳು, ಕೊಂಕಣಿ, ಬ್ಯಾರಿ ಮಾತಿನಲ್ಲಿ ನಡೆಯುವ ವ್ಯಾಪಾರ ಧ್ವನಿಸಂದೇಶವನ್ನು ನೆಚ್ಚಿಕೊಂಡಿರುವುದು ಸಹಜ.

ವಿದ್ಯುತ್ತಿನ ವಿಷಯದಲ್ಲಿ ಹೆಸರಿಸಬೇಕಾದದ್ದು 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಆರಂಭಿಸಿದ ಸೆಲ್ಕೊ. ಸೌರದೀಪವನ್ನು ಬ್ಯಾಂಕ್ ಸಾಲದ ಮೂಲಕ ಬಡವರ ಮನೆಗೆ, ಬೀದಿ ವ್ಯಾಪಾರಿಗೆ ಮುಟ್ಟಿಸಿದ ಈ ಕೆಲಸಕ್ಕಾಗಿ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ದಿನದ ಸಂಪಾದನೆಯವರಿಗೆ ತಿಂಗಳ ಕಂತು ಹೊರೆ, ದಿನದ ಕಂತು ಹಗುರ ಎಂಬ ತಿಳಿವಳಿಕೆ ಇದರ ಹಿಂದಿದೆ; ಪಿಗ್ಮಿಯ ಹಿಂದಿದ್ದುದೂ ಅದೇ.

ತಂತ್ರಜ್ಞಾನವನ್ನೇ ಮಾರುವ ಸಣ್ಣ ಉದ್ಯಮವೂ ಇಲ್ಲಿ ಬೆಳೆದಿದೆ. 1996ರಲ್ಲಿ ರೋಹಿತ್ ಭಟ್ ಉಡುಪಿಯಲ್ಲಿ ಆರಂಭಿಸಿದ ರೋಬೊಸಾಫ್ಟ್ ಟೆಕ್ನಾಲಜೀಸ್ ಅನ್ನು 2021ರಲ್ಲಿ ಜಪಾನಿನ ಟೆಕ್ನೊಪ್ರೊ ಸಂಸ್ಥೆ 805 ಕೋಟಿ ರೂ.ಗೆ ಕೊಂಡಿತು. ಬೆಂಗಳೂರಿಗೆ ಹೋಗದೆಯೂ ತಂತ್ರಾಂಶದ ಕೆಲಸ ಮಾಡಬಹುದೆಂದು ಕರಾವಳಿಯ ಹುಡುಗ ಹುಡುಗಿಯರಿಗೆ ತೋರಿಸಿಕೊಟ್ಟ ಸಂಸ್ಥೆ ಅದು.

ತೊಡಕುಗಳು

2025ರ ಜುಲೈಯಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಅಂಕಿ ಅಂಶ ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಸರಕಿನ ವ್ಯಾಪಾರಕ್ಕೆ ವರ್ಷಕ್ಕೆ 40 ಲಕ್ಷ ರೂ., ಸೇವೆಗೆ 20 ಲಕ್ಷ ರೂ. ವಹಿವಾಟು ದಾಟಿದರೆ ನೋಂದಣಿ ಕಡ್ಡಾಯ. ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಸರಕು ಮಾರುವವರಿಗೂ ನೋಟಿಸ್ ಬಂತು. ಬೆಂಗಳೂರಿನ ಅಂಗಡಿಗಳಲ್ಲಿ ನಗದು ಮಾತ್ರ ಎಂಬ ಫಲಕಗಳು ಕಾಣಿಸಿಕೊಂಡವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಮಾತನಾಡಿ ಹಳೆಯ ಬಾಕಿಯ ವಿಷಯದಲ್ಲಿ ಭರವಸೆ ಕೊಟ್ಟ ಮೇಲೆ ಆತಂಕ ತಗ್ಗಿತು. ತಪ್ಪು ಯುಪಿಐಯದಲ್ಲ. ಮನೆಯವರಿಂದ ಬಂದ ಹಣ, ಕೈಸಾಲ, ಚೀಟಿಯ ಹಣ, ಅಂಗಡಿಯ ಹಣ ಎಲ್ಲವೂ ಒಂದೇ ಖಾತೆಗೆ ಬಿದ್ದಾಗ ಯಾವುದು ವ್ಯಾಪಾರದ್ದೆಂದು ತೋರಿಸಲು ದಾಖಲೆ ಇರಲಿಲ್ಲ. ಅಂಗಡಿಗೆ ಬೇರೆಯೇ ಖಾತೆ, ಪ್ರತಿ ಮಾರಾಟಕ್ಕೆ ಬಿಲ್ಲು, ಕೊಂಡ ಸರಕಿನ ಚೀಟಿಯ ಕಡತ: ಇವು ಮೂರಿದ್ದವರು ಅಷ್ಟಾಗಿ ಹೆದರಬೇಕಾಗಲಿಲ್ಲ. ಹಣ ಕಳಿಸಿದಂತೆ ತೋರಿಸುವ ನಕಲಿ ಚಿತ್ರ, ಬದಲಿಸಿ ಅಂಟಿಸಿದ ಕ್ಯೂಆರ್ ಚೀಟಿಗಳ ಮೋಸವನ್ನೂ ಅಂಗಡಿಯವರು ಗಮನದಲ್ಲಿಡಬೇಕು. ಹಣ ಬಂದದ್ದನ್ನು ತಮ್ಮ ಫೋನಿನಲ್ಲೇ ನೋಡಿಕೊಂಡ ನಂತರ ಸರಕು ಕೊಡುವುದು ಕ್ಷೇಮ.

ತರಬೇತಿಗೆ ಈ ಸೀಮೆಯಲ್ಲಿ ಕೊರತೆಯಿಲ್ಲ. ಧರ್ಮಸ್ಥಳ ಕ್ಷೇತ್ರ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಸೇರಿ 1982ರಲ್ಲಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಗೆ ಬ್ರಹ್ಮಾವರದಲ್ಲೂ ಕೇಂದ್ರವಿದೆ. ಊಟ, ವಸತಿ ಸಹಿತ ಉಚಿತ ತರಬೇತಿ ಅದರ ಕ್ರಮ. ಕಾರ್ಕಳದ ಮಿಯಾರಿನಲ್ಲಿ ಕೆನರಾ ಬ್ಯಾಂಕಿನ ಆಶ್ರಯದ ಸಿ.ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆ ಕಲ್ಲು, ಮರ, ಲೋಹದ ಶಿಲ್ಪ ಕಲಿಸುತ್ತದೆ. ಉದ್ಯಮ್ ನೋಂದಣಿ 2020ರ ಜುಲೈಯಿಂದ ಉಚಿತವಾಗಿ ಆನ್‌ಲೈನ್‌ನಲ್ಲೇ ನಡೆಯುತ್ತದೆ, ಮಧ್ಯವರ್ತಿಗೆ ಹಣ ಕೊಡಬೇಕಾಗಿಲ್ಲ.

ಮುಂದಿನ ಹೆಜ್ಜೆ ಇಡಬೇಕಾದುದು ಸಂಘಗಳು. ಶಂಕರಪುರದ ಹೂವಿನವರು, ಮಟ್ಟಿನ ಗುಳ್ಳದವರು, ಕಾರ್ಕಳದ ಗೇರುಬೀಜದವರು, ಮಣಿಪಾಲದ ಸಣ್ಣ ಹೋಟೆಲಿನವರು ತಮ್ಮ ಗಿರಾಕಿಗಳ ಪಟ್ಟಿ, ದರದ ದಾಖಲೆ, ದುಬಾರಿ ಯಂತ್ರ ಇವನ್ನು ಸಂಘದ ಹೆಸರಿನಲ್ಲಿ ಇಟ್ಟುಕೊಂಡು ಕನ್ನಡದಲ್ಲೇ ನಿರ್ವಹಿಸುವ ಏರ್ಪಾಡನ್ನು ಮಾಡಿಕೊಳ್ಳಬೇಕು. ಮಣಿಪಾಲದ ಇಂಜಿನಿಯರಿಂಗ್ ಕಾಲೇಜು ಇದೇ ಸೀಮೆಯಲ್ಲಿದೆ. ಅಲ್ಲಿನ ವಿದ್ಯಾರ್ಥಿಗಳನ್ನು ಈ ಕೆಲಸಕ್ಕೆ ಕರೆಯಬೇಕು.